ನಮ್ಮತ್ತೆ ವಿಳಾಸ ಓದುವ ರೀತಿ

ನಮ್ಮತ್ತೆಯ ಕೈಗೆ ಯಾವ ಕಾಗದ ಕೊಟ್ಟರೂ ಕೊನೆಯ ಸಾಲಿನಿಂದಲೇ ಓದಲು ಶುರು ಮಾಡುತ್ತಾರೆ. ಔಷಧಿ ಚೀಟಿಯಿರಲಿ, ಕರೆಂಟ್ ಬಿಲ್ಲಿರಲಿ, ಮೊದಲು ಕೆಳಗೆ, ಆಮೇಲೆ ಮೇಲೆ. ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನದು ಮೊದಲೇ ಮೂಗಿನ ತುದಿಯ ಕೋಪ. ಮೂರು ಸಾಲಿನ ಚೀಟಿಗೆ ಇಷ್ಟೊಂದು ಸರ್ಕಸ್ ಯಾಕೆ ಎಂದು ಗಂಡನ ಹತ್ತಿರ ಗೊಣಗುತ್ತಿದ್ದೆ. ನನ್ನ ಗಂಡ ಮಹಾ ಸಾಧು. “ಅಮ್ಮನ ಕೆಲಸ ಅಂಥದ್ದು ಕಣೇ” ಎಂದು ಮೆಲ್ಲಗೆ ಜಾರಿಕೊಳ್ಳುತ್ತಿದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನನ್ನ ಕಾಲ ಯಾವಾಗ ಬರುತ್ತದೋ ಎಂದು ನಾನೂ ಕಾದಿದ್ದೆ. ಈಗ ಹೇಳುತ್ತೇನೆ ಕೇಳಿ, ನಮ್ಮ ಮನೆಯಲ್ಲಿ ಎರಡು ಕಾಲವೂ ಅವರದೇ. ನನಗೆ ಅದರಲ್ಲಿ ಸ್ವಲ್ಪವೂ ಬೇಜಾರಿಲ್ಲ.

ಅತ್ತೆ ಮೂವತ್ತನಾಲ್ಕು ವರ್ಷ ಅಂಚೆ ವಿಂಗಡಿಸುವ ಕೋಣೆಯಲ್ಲಿ ನಿಂತು ದುಡಿದವರು. ಗೋಡೆಯುದ್ದಕ್ಕೂ ಮರದ ಗೂಡುಗಳು, ಒಂದೊಂದು ಗೂಡಿಗೆ ಒಂದೊಂದು ಊರು. ಎಡಗೈಯಲ್ಲಿ ಕಾಗದಗಳ ಕಂತೆ, ಬಲಗೈ ಗೂಡಿನಿಂದ ಗೂಡಿಗೆ. ನಿಮಿಷಕ್ಕೆ ನಲವತ್ತು ಕಾಗದ. ಆ ವೇಗದಲ್ಲಿ ಯಾರೂ ಹೆಸರು ಓದುತ್ತ ಕೂರುವುದಿಲ್ಲ. ಕಣ್ಣು ಮೊದಲು ಕೊನೆಯ ಸಾಲಿಗೆ ಬೀಳಬೇಕು, ಅಲ್ಲಿ ಊರಿದೆ. ಅದರ ಮೇಲೆ ಬೀದಿ, ಅದರ ಮೇಲೆ ಮನೆ ನಂಬರು. ಅಲ್ಲಿಗೆ ಅವರ ಕೆಲಸ ಮುಗಿಯಿತು. “ಹೆಸರು ಯಾರು ಬೇಕಾದ್ರೂ ಬರೀಬಹುದು” ಎನ್ನುತ್ತಿದ್ದರು ಅತ್ತೆ. “ಊರೇ ತಪ್ಪಿದ್ಮೇಲೆ ಹೆಸರು ಇಟ್ಕೊಂಡು ಏನ್ ಮಾಡ್ತೀಯ?”

ಕೊನೆಯ ಹನ್ನೆರಡು ವರ್ಷ ಅವರನ್ನು ಕುರುಡು ಕಾಗದಗಳ ಮೇಜಿಗೆ ಹಾಕಿದ್ದರಂತೆ. ವಿಳಾಸ ಅರ್ಧ ಅಳಿಸಿಹೋದದ್ದು, ಮಳೆಯಲ್ಲಿ ನೆನೆದದ್ದು, ‘ಹೆಂಚಿನ ಕಾರ್ಖಾನೆ ಹಿಂದೆ, ನೀಲಿ ಗೇಟು’ ಎಂದಷ್ಟೇ ಬರೆದದ್ದು, ಇಂಥವೆಲ್ಲ ಆ ಮೇಜಿಗೆ ಬರುತ್ತಿದ್ದವು. ಯಾರಿಗೂ ಬೇಡವಾದ ಕೆಲಸ. ಅತ್ತೆಗೆ ಅದೇ ಪ್ರಾಣ. ಒಂದು ಕಾಗದ ಮನೆ ಸೇರದೆ ಉಳಿದರೆ ಅವರಿಗೆ ಅವತ್ತು ಊಟ ಸೇರುತ್ತಿರಲಿಲ್ಲವೆಂದು ನನ್ನ ಗಂಡ ಈಗಲೂ ಹೇಳುತ್ತಾರೆ. “ಯಾರೋ ಕಾಯ್ತಾ ಕೂತಿರ್ತಾರೆ” ಎಂದು ಊಟದ ತಟ್ಟೆಯ ಮುಂದೆ ಕೂತು ಹಲುಬುತ್ತಿದ್ದರಂತೆ.

ನಮ್ಮದು ಕೃತಕ ಕಾಲು ಮಾಡುವ ಸಣ್ಣ ಕಾರ್ಯಾಗಾರ. ಮನೆಯ ಕೆಳಗಿನ ಮೂರು ಕೋಣೆ. ಮುಂದಿನದರಲ್ಲಿ ಜನ ಬಂದು ಕೂರುತ್ತಾರೆ, ನಡೆದು ನೋಡಲು ಎರಡು ಕಂಬಿಗಳಿವೆ, ಅವುಗಳ ಕೊನೆಗೆ ಮರದ ಮೂರು ಮೆಟ್ಟಿಲು. ನಡುವಿನದು ನನ್ನ ಗಂಡನದು. ಉಳಿದ ತೊಡೆಯ ಅಚ್ಚನ್ನು ಪ್ಲಾಸ್ಟರಿನಲ್ಲಿ ತೆಗೆದು, ಅರದಿಂದ ಉಜ್ಜಿ ಉಜ್ಜಿ ಹದಕ್ಕೆ ತರುವುದು ಅವರ ಕೆಲಸ. ದಿನವಿಡೀ ಹಿಟ್ಟಿನ ಗಿರಣಿಯಿಂದ ಬಂದವರ ಹಾಗೆ ಬೆಳ್ಳಗಿರುತ್ತಾರೆ. ಹಿಂದಿನ ಕೋಣೆಯಲ್ಲಿ ನಾನು ತೊಡೆ ಕೂರುವ ಬಟ್ಟಲು, ಮಂಡಿ, ಕೊಳವೆ, ಪಾದ ಎಲ್ಲ ಜೋಡಿಸುತ್ತೇನೆ. ಮುಂದಿನ ಕೋಣೆಯ ಕಂಪ್ಯೂಟರು, ಪತ್ರವ್ಯವಹಾರ, ಜಗಳ, ಇವೂ ನನ್ನವೇ. ರಿಪೇರಿಯಾದ ಕಾಲುಗಳನ್ನು ರಟ್ಟಿನ ಡಬ್ಬಕ್ಕೆ ಹಾಕಿ ವಿಳಾಸ ಬರೆದು ಕಳಿಸುವುದು ಅತ್ತೆಯ ಕೆಲಸ.

ಅವರ ಮೇಲೆ ನನಗೆ ಎರಡು ದೂರುಗಳಿದ್ದವು. ಒಂದು, ಬಂದ ಡಬ್ಬಗಳನ್ನೆಲ್ಲ ಮಡಿಸಿ ಬೀರುವಿನ ಮೇಲೆ ಪೇರಿಸಿಡುವುದು. ಎಸೆಯಿರಿ ಎಂದರೆ, “ಅನ್ನ ಕೇಳುತ್ತಾ? ನೀರು ಕೇಳುತ್ತಾ? ಇರ್ಲಿ ಬಿಡೇ” ಎನ್ನುತ್ತಿದ್ದರು. ಎರಡನೆಯದು ಅವರ ಕನ್ನಡಕ. ಎಡಗಡೆಯ ಕಡ್ಡಿ ಮುರಿದು ದಾರ ಸುತ್ತಿದ್ದರು, ಗಾಜಿನ ಮೂಲೆಯಲ್ಲಿ ಬಿರುಕು. ಎರಡು ವರ್ಷದಿಂದ ಅದೇ.

“ಅತ್ತೆ, ಹೊಸದು ಮಾಡಿಸ್ಕೊಳ್ಳಬಾರ್ದಾ? ಪೆನ್ಷನ್ ದುಡ್ಡೆಲ್ಲ ಎಲ್ಲಿ ಹೂತಿಟ್ಟಿದ್ದೀರಿ?” ಎಂದು ಬಂದವರ ಮುಂದೆಯೇ ಕಾಲೆಳೆಯುತ್ತಿದ್ದೆ.

“ಇದ್ರಲ್ಲೇ ಕಾಣ್ಸುತ್ತೆ ಬಿಡು” ಎಂದು ಅವರು ದಾರ ಬಿಗಿದುಕೊಳ್ಳುತ್ತಿದ್ದರು. ಜಿಪುಣತನ ಎಂದುಕೊಂಡಿದ್ದೆ. ನಾಲಿಗೆಗೆ ಎಲುಬಿಲ್ಲ ನೋಡಿ, ಅದನ್ನು ಆಡಿಯೂ ಇದ್ದೆ.

ಇನ್ನು ನನ್ನ ಜಾಣತನದ ವಿಷಯ. ಮುಂದಿನ ಕೋಣೆಯ ಗೋಡೆಗೆ ನಾನೇ ಬರೆದ ಒಂದು ನೋಟೀಸು ಅಂಟಿಸಿದ್ದೆ. ‘ಒಟಿಪಿ ಹೇಳಬೇಡಿ. ಗುರುತಿಲ್ಲದ ಲಿಂಕ್ ಒತ್ತಬೇಡಿ. ಬಹುಮಾನ ಬಂದಿದೆ ಎಂದರೆ ನಂಬಬೇಡಿ. ಮೋಸ ಹೋಗುವವರು ದಡ್ಡರು. ನೀವು ದಡ್ಡರೇ?’ ಕೊನೆಯ ಸಾಲನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೆ. ಬಂದವರು ಅದನ್ನೋದಿ ನಕ್ಕರೆ ನನಗೆ ಒಳಗೊಳಗೇ ಹಿಗ್ಗು. ಬೀದಿಯಲ್ಲಿ ಯಾರಾದರೂ ಮೋಸಹೋದ ಸುದ್ದಿ ಬಂದರೆ, “ಅಷ್ಟೂ ಗೊತ್ತಾಗಲ್ವಾ ಇವರಿಗೆ?” ಎಂದು ದೊಡ್ಡ ಗಂಟಲಲ್ಲಿ ಕೇಳುತ್ತಿದ್ದವಳು ನಾನೇ.

ಆ ಬುಧವಾರ ನಮ್ಮಲ್ಲಿಗೆ ಏಣಿಯಣ್ಣ ಬಂದಿದ್ದರು. ಮನೆಗಳಿಗೆ ಬಣ್ಣ ಹೊಡೆಯುವ ಮೇಸ್ತ್ರಿ. ಇಪ್ಪತ್ತು ವರ್ಷ ಏಣಿಯ ಮೇಲೆಯೇ ಬದುಕಿದ್ದಕ್ಕೆ ಆ ಹೆಸರು. ಲಾರಿಯೊಂದು ಗುದ್ದಿ ಬಲಗಾಲು ಮಂಡಿಯ ಮೇಲಿನಿಂದ ಹೋಗಿತ್ತು. “ಏಣಿ ಒಂದಿನಾನೂ ನನ್ನ ಬೀಳಿಸ್ಲಿಲ್ಲಮ್ಮ. ನೆಲದ ಮೇಲೆ ನಡೀವಾಗ್ಲೇ ಬಿದ್ದೆ” ಎಂದು ತಾವೇ ನಗುತ್ತಿದ್ದರು. ಅವರ ಹಳೆಯ ಕಾಲಿನ ಮಂಡಿ ಮಡಿಸಲು ಬರುವುದಿಲ್ಲ, ಮರದ ತೊಲೆಯ ಹಾಗೆ ನೆಟ್ಟಗೆ. ಮೆಟ್ಟಿಲು ಹತ್ತಲು, ಹಲಗೆಯ ಮೇಲೆ ನಿಂತು ಬಣ್ಣ ಬಳಿಯಲು ಬೇರೆಯದೇ ಮಂಡಿ ಬೇಕು. ಅದನ್ನು ಮಾಡುವ ಕಂಪನಿ ದೂರದ ಊರಿನಲ್ಲಿದೆ, ನಾವು ಹಿಂದೆಯೂ ಅಲ್ಲಿಂದ ತರಿಸಿದ್ದೆವು. ಬೆಲೆ ಕೇಳಿದರೆ ಎರಡು ಕಾಲಿದ್ದವರೂ ಕುಸಿಯಬೇಕು. ಏಣಿಯಣ್ಣ ತಮ್ಮ ಕಬ್ಬಿಣದ ಅಟ್ಟಣೆಯ ಪೈಪುಗಳನ್ನು, ಬಣ್ಣ ಎರಚುವ ಯಂತ್ರವನ್ನು ಮಾರಿ ಆ ಹಣ ತಂದು ನನ್ನ ಕೈಗೆ ಕೊಟ್ಟಿದ್ದರು. ಮುಂದಿನ ತಿಂಗಳು ಒಂದು ದೊಡ್ಡ ಶಾಲೆಯ ಕಟ್ಟಡದ ಕೆಲಸ ಅವರಿಗೆ ಬರುವುದಿತ್ತು. ಅಷ್ಟರಲ್ಲಿ ಅವರು ಮೆಟ್ಟಿಲು ಹತ್ತುವ ಹಾಗಾಗಬೇಕು, ಇಲ್ಲದಿದ್ದರೆ ಕೆಲಸ ಬೇರೆಯವರಿಗೆ. ಇನ್ನೊಂದು ಸಲ ಮಾರಲು ಅವರ ಬಳಿ ಏನೂ ಉಳಿದಿರಲಿಲ್ಲ.

ಅವರು ಕಂಬಿ ಹಿಡಿದು ಹೊಸ ಬಟ್ಟಲು ತೊಡೆಗೆ ಸರಿಯಾಗಿ ಕೂರುತ್ತದೆಯೇ ಎಂದು ನೋಡುತ್ತಿದ್ದರು. ನನ್ನ ಗಂಡ ನೆಲದಲ್ಲಿ ಕೂತು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದರು. ಮಧ್ಯಾಹ್ನ ಎರಡಕ್ಕೆ ಹತ್ತು ನಿಮಿಷ. ಕಂಪ್ಯೂಟರಿಗೆ ಮಂಡಿಯ ಕಂಪನಿಯಿಂದ ಇಮೇಲ್ ಬಂತು.

ಬಹುಮಾನವಿಲ್ಲ, ಬೆದರಿಕೆಯಿಲ್ಲ, ಲಿಂಕೂ ಇಲ್ಲ. ನಾನು ಕಳಿಸಿದ ಹಳೆಯ ಪತ್ರದ ಮೇಲೆಯೇ ಬರೆದ ಉತ್ತರ. ಕೆಳಗೆ ನಮ್ಮ ಎಲ್ಲ ಮಾತುಕತೆಯೂ ಇದೆ, ಆರ್ಡರ್ ನಂಬರ್ ಇದೆ, ಏಣಿಯಣ್ಣನ ತೂಕ, ಎತ್ತರ ಎಲ್ಲ ಇದೆ. ‘ಮಂಡಿ ತಯಾರಾಗಿದೆ, ಇವತ್ತೇ ಹೊರಡಬಹುದು. ಲೆಕ್ಕ ತಪಾಸಣೆ ನಡೆಯುತ್ತಿರುವುದರಿಂದ ಹಳೆಯ ಖಾತೆ ತಾತ್ಕಾಲಿಕವಾಗಿ ಮುಚ್ಚಿದೆ. ದಯವಿಟ್ಟು ಬಾಕಿ ಹಣವನ್ನು ಈ ಹೊಸ ಖಾತೆಗೆ ಇವತ್ತು ಮಧ್ಯಾಹ್ನ ಮೂರು ಗಂಟೆಯೊಳಗೆ ಕಳಿಸಿ. ತಡವಾದರೆ ಈ ಮಂಡಿ ಬೇರೊಬ್ಬರಿಗೆ ಹೋಗುತ್ತದೆ, ಮುಂದಿನದು ಎರಡು ತಿಂಗಳ ನಂತರ.’ ಕೊನೆಯಲ್ಲಿ, ನಾನು ಯಾವಾಗಲೂ ಪತ್ರ ಬರೆಯುತ್ತಿದ್ದ ಅಲ್ಲಿನ ಮಹಿಳೆಯ ಹೆಸರು, ಕಂಪನಿಯ ಮುದ್ರೆ, ಫೋನ್ ನಂಬರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ.

“ಅಣ್ಣಾ, ನಿಮ್ಮ ಮಂಡಿ ರೆಡಿಯಾಗಿದೆ!” ಎಂದು ಕೂಗಿದೆ. ಏಣಿಯಣ್ಣ ಕಂಬಿ ಬಿಟ್ಟು ಎರಡೂ ಕೈ ಜೋಡಿಸಲು ಹೋಗಿ ಬೀಳುವುದರಲ್ಲಿದ್ದರು. ನನ್ನ ಗಂಡ ಹಿಡಿದುಕೊಂಡರು.

ಹಣ ಕಳಿಸಲು ಫೋನಿನಲ್ಲಿ ಬ್ಯಾಂಕಿನ ಆ್ಯಪ್ ತೆರೆದೆ. ಕಂಪ್ಯೂಟರಿನಲ್ಲಿ ನೋಡಿ ಫೋನಿನಲ್ಲಿ ಒತ್ತುವಾಗ ಅಂಕಿಗಳು ತಪ್ಪುತ್ತವೆ. ಆದ್ದರಿಂದ ಮೂಲೆಯಲ್ಲಿ ಡಬ್ಬಕ್ಕೆ ಟೇಪ್ ಸುತ್ತುತ್ತಿದ್ದ ಅತ್ತೆಯನ್ನು ಕರೆದೆ. “ಅತ್ತೆ, ಬೇಗ ಬನ್ನಿ. ಆ ಖಾತೆ ನಂಬರ್ ಸ್ವಲ್ಪ ಗಟ್ಟಿಯಾಗಿ ಓದಿ.”

ಅತ್ತೆ ಬಂದರು. ದಾರದ ಕನ್ನಡಕ ಸರಿಮಾಡಿಕೊಂಡರು. ಅಂಕಿ ಓದಲಿಲ್ಲ. ಪತ್ರದ ತಲೆಯ ಮೇಲೆ, ಕಳಿಸಿದವರ ವಿಳಾಸದ ಮೇಲೆ ಬೆರಳಿಟ್ಟು, ಆ ಬೆರಳನ್ನು ಬಲಗಡೆಯ ತುದಿಗೆ ಒಯ್ದು ಅಲ್ಲಿಂದ ಹಿಂದಕ್ಕೆ ಜರುಗಿಸುತ್ತ ಬಂದರು.

“ಇದು ಯಾವೂರಿಂದ ಬಂತೇ?”

“ಕಂಪನಿಯಿಂದ ಅತ್ತೆ. ಹೆಸರು ಕಾಣ್ತಿಲ್ವಾ? ನಂಬರ್ ಓದಿ, ಟೈಮಿಲ್ಲ.”

“ಹೆಸರು ಕಾಣ್ಸುತ್ತೆ. ನಾನು ಕೇಳಿದ್ದು ಊರು.”

ನನಗೆ ಪಿತ್ತ ನೆತ್ತಿಗೇರಿತು. “ಅತ್ತೆ, ಇದು ಪೋಸ್ಟಾಫೀಸಲ್ಲ! ಇಮೇಲಿಗೆ ಯಾವ ಊರು, ಯಾವ ಕೇರಿ? ಅಲ್ಲಿ ಮೂರು ಗಂಟೆಗೆ ಮಂಡಿ ಬೇರೆಯವರ ಪಾಲಾಗುತ್ತೆ, ಇಲ್ಲಿ ನೀವು…”

“ಕೂಗ್ಬೇಡ, ಕೂತ್ಕೋ” ಎಂದರು. ದನಿ ಎತ್ತಲಿಲ್ಲ. “ಆತುರಗಾರನಿಗೆ ಬುದ್ಧಿ ಮಟ್ಟ. ನೋಡಿಲ್ಲಿ. ಈ ಸುರುಳಿ ಸುತ್ತಿದ ಗುರುತಿದೆಯಲ್ಲ, ಅದಾದ್ಮೇಲೆ ಬರೋದೇ ವಿಳಾಸ. ಅದರ ಕೊನೆಗೆ ಹೋಗು. ಡಾಟ್ ನೆಟ್. ಅದು ಜಿಲ್ಲೆ ಅಂದ್ಕೋ. ಅದಕ್ಕೆ ಅಂಟಿಕೊಂಡು ಹಿಂದೆ ಇರೋದು ಊರು. ಊರಿನ ಹೆಸರು ಪೇಮೆಂಟ್‌ಡೆಸ್ಕ್. ಕಂಪನಿ ಹೆಸರು ಅದಕ್ಕೂ ಹಿಂದೆ ಇದೆ. ಅಂದ್ರೆ ಅದು ಬರೀ ಬಾಗಿಲಿಗೆ ತೂಗುಹಾಕಿದ ಬೋರ್ಡು. ಯಾರ ಮನೆ ಬಾಗಿಲಿಗೆ ಯಾರ ಬೋರ್ಡು ಬೇಕಾದ್ರೂ ತೂಗುಹಾಕ್ಬಹುದು. ಈಗ ಹೋದ ತಿಂಗಳ ಪತ್ರ ತೆಗಿ.”

ತೆಗೆದೆ. ಸುರುಳಿಯಾದ ಮೇಲೆ ಕಂಪನಿಯ ಹೆಸರು, ಡಾಟ್ ಕಾಮ್. ಅಷ್ಟೇ. ನಡುವೆ ಏನೂ ಇಲ್ಲ. ಹೊಸದರಲ್ಲಿ ಕಂಪನಿಯ ಹೆಸರು, ಡಾಟ್, ಪೇಮೆಂಟ್‌ಡೆಸ್ಕ್, ಡಾಟ್ ನೆಟ್. ಎರಡನ್ನೂ ನಾನು ಮುಂದಿನಿಂದ ಓದಿದ್ದೆ. ಮುಂದೆ ಕಂಪನಿಯ ಹೆಸರು ಕಂಡ ಕೂಡಲೇ ನನ್ನ ಕಣ್ಣು ತೃಪ್ತಿಯಾಗಿ ನಿಂತುಬಿಟ್ಟಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರಿಗೆಲ್ಲ ಹೇಳಿದವಳ ಕಣ್ಣು ಇದು!

ಆದರೂ ಸೋಲು ಒಪ್ಪುವ ಜಾತಿಯವಳಲ್ಲ ನಾನು. “ಹೊಸ ವಿಭಾಗ ಶುರು ಮಾಡಿರ್ಬಹುದು. ಇರಿ, ಕೇಳೇ ಬಿಡೋಣ” ಎಂದು ಪತ್ರದ ಕೆಳಗಿದ್ದ ನಂಬರನ್ನು ಒತ್ತತೊಡಗಿದೆ.

ಅತ್ತೆ ನನ್ನ ಮಣಿಕಟ್ಟು ಹಿಡಿದರು. ಮೂವತ್ತನಾಲ್ಕು ವರ್ಷ ಕಂತೆ ಹಿಡಿದ ಕೈ, ಇಕ್ಕಳದಂಥ ಹಿಡಿತ. “ಕಳ್ಳ ಹೌದೋ ಅಲ್ವೋ ಅಂತ ಕಳ್ಳನ್ನೇ ಕೇಳ್ತೀಯಾ? ಆ ನಂಬರ್ ಕೊಟ್ಟೋರು ಯಾರು? ಈ ಪತ್ರ ಬರೆದೋರೇ ಅಲ್ವಾ?”

ಆಮೇಲೆ ಮಗನ ಕಡೆ ತಿರುಗಿ, “ಬೀರು ಮೇಲಿಂದ ಆ ಕಂದು ಡಬ್ಬಗಳನ್ನ ಇಳಿಸಪ್ಪ. ಕೆಳಗಿಂದ ಮೂರನೇದು” ಎಂದರು. ಕೆಳಗಿನಿಂದಲೇ, ನೋಡಿ. ನನ್ನ ಗಂಡ ಸ್ಟೂಲು ಹತ್ತಿ ಇಳಿಸಿದರು. ಹೋದ ವರ್ಷ ಬಂದ ಮಂಡಿಯ ಡಬ್ಬ. ನಾನು ನೂರು ಸಲ ಎಸೆಯಿರಿ ಎಂದದ್ದು. ಅದರ ಬದಿಯಲ್ಲಿ ಕಂಪನಿಯ ಫೋನ್ ನಂಬರು ಅಚ್ಚಾಗಿತ್ತು. ಪತ್ರದಲ್ಲಿದ್ದ ನಂಬರು ಅದಲ್ಲ.

ಡಬ್ಬದ ನಂಬರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ನಾನು ಪತ್ರ ಬರೆಯುತ್ತಿದ್ದ ಮಹಿಳೆಯೇ ಎತ್ತಿದರು. ಖಾತೆ ಬದಲಾಯಿತಂತಲ್ಲ ಎಂದೆ.

“ಇಲ್ಲ ಮೇಡಂ, ಖಾತೆ ಬದಲಾಗಿಲ್ಲ” ಎಂದರು. ಆಮೇಲೆ ಹೊಳೆದು, “ಅಯ್ಯೋ ದೇವರೇ. ನಿಮಗೂ ಬಂತಾ? ನಮ್ಮಲ್ಲಿ ಒಬ್ಬರ ಇಮೇಲ್ ಒಳಗೆ ಯಾರೋ ನುಗ್ಗಿ ಎಲ್ಲ ಓದಿದ್ದಾರೆ, ಬೆಳಿಗ್ಗೆ ಗೊತ್ತಾಯ್ತು. ಒಬ್ಬೊಬ್ಬರಿಗೇ ಫೋನ್ ಮಾಡ್ತಿದ್ದೀವಿ, ನಿಮ್ಮ ಸರದಿ ಇನ್ನೂ ಬಂದಿರಲಿಲ್ಲ. ಒಬ್ಬರು ಆಗಲೇ ಕಳಿಸಿಬಿಟ್ಟಿದ್ದಾರೆ. ನೀವು ಕಳಿಸಿಲ್ಲ ತಾನೇ?”

“ಕಳಿಸಿಲ್ಲ” ಎಂದೆ. ಏಣಿಯಣ್ಣನ ಮಂಡಿ ಭದ್ರವಾಗಿದೆ, ಬೇರೆ ಯಾರಿಗೂ ಕೊಡುವ ಮಾತೇ ಇಲ್ಲ ಎಂದು ಆಕೆ ಹೇಳಿದರು. ಹಳೆಯ ಖಾತೆಗೆ ನಾಳೆ ಕಳಿಸಿದರೂ ಸಾಕು ಎಂದರು.

ಫೋನ್ ಇಟ್ಟೆ. ಪಕ್ಕದ ಪ್ಲಾಸ್ಟರ್ ಚೀಲದ ಮೇಲೆ ಕುಸಿದು ಕೂತೆ. ಖಾತೆ ನಂಬರ್ ಒಂದನ್ನು ನಾನೇ ನೋಡಿ ಒತ್ತಿದ್ದರೆ ಮುಗಿದೇ ಹೋಗಿತ್ತು. ಅಬ್ಬಬ್ಬಾ, ಎಷ್ಟು ಹತ್ತಿರ! ನಾನು ಅತ್ತೆಯನ್ನು ನೋಡಿದೆ. ಕುಳ್ಳಗಿನ ಹೆಂಗಸು, ಸೆರಗಿಗೆ ಟೇಪಿನ ತುಂಡು ಅಂಟಿಕೊಂಡಿದೆ, ಬಿರುಕುಬಿಟ್ಟ ಕನ್ನಡಕ. ನಮ್ಮ ಪತ್ರಗಳನ್ನೆಲ್ಲ ಕದ್ದು ಓದಿ, ನಮ್ಮ ಹಾಗೆಯೇ ಮಾತಾಡಲು ಕಲಿತ ಚಾಲಾಕಿಗಳನ್ನು ಈಕೆ ಒಂದು ಬೆರಳಿನಿಂದ ಹಿಡಿದುಬಿಟ್ಟರು. ಬೆಟ್ಟದ ಬುಡದಲ್ಲಿ ನಿಂತಾಗ ಎದೆಯಲ್ಲಿ ಏನೋ ಆಗುತ್ತದಲ್ಲ, ಹಾಗಾಯಿತು ನನಗೆ. ಹನ್ನೊಂದು ವರ್ಷ ಒಂದೇ ಸೂರಿನಡಿ ಇದ್ದೆ, ಹಿತ್ತಲ ಗಿಡ ಮದ್ದಲ್ಲ ಎಂದು ಕಡೆಗಣಿಸಿದ್ದೆ.

“ಅಂದ್ರೆ ನನ್ನ ಮಂಡಿ ದುಡ್ಡು…” ಎಂದರು ಏಣಿಯಣ್ಣ. ಅವರ ಕಣ್ಣು ಗೋಡೆಯ ಮೇಲಿನ ನನ್ನ ನೋಟೀಸಿನ ಮೇಲೆ ಹೋಯಿತು, ಕೆಂಪಕ್ಷರದ ಮೇಲೆ. ಬೇಕೆಂದು ನೋಡಿದ್ದಲ್ಲ ಪಾಪ. ನನಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

“ಅವಳನ್ನ ಏನೂ ಅನ್ಬೇಡಿ” ಎಂದರು ಅತ್ತೆ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ ನಿಂತರು. “ನಾನು ಇವಳಿಗಿಂತ ದೊಡ್ಡ ದಡ್ಡಿ. ಎರಡು ವರ್ಷದ ಹಿಂದೆ ನಂಗೂ ಆಯ್ತು.”

ನನ್ನ ಗಂಡ ಕೈಯಲ್ಲಿದ್ದ ಡಬ್ಬ ಕೆಳಗಿಟ್ಟರು. “ಏನಮ್ಮ ಹೇಳ್ತಿದ್ದೀಯ?”

“ಫೋನಿಗೆ ಒಂದು ಮೆಸೇಜು ಬಂತಪ್ಪ. ನಿಮ್ಮ ಹೆಸರಿಗೆ ಪಾರ್ಸೆಲ್ ಇದೆ, ವಿಳಾಸ ಅರ್ಧ ಅಳಿಸಿಹೋಗಿದೆ, ಪೂರ್ತಿ ವಿಳಾಸ ತುಂಬಿ ಸಣ್ಣ ಶುಲ್ಕ ಕಟ್ಟಿ ಅಂತ. ಬೇರೆ ಏನಂದಿದ್ರೂ ನಾನು ಬೀಳ್ತಿರ್ಲಿಲ್ಲ. ಬಹುಮಾನ ಅಂದಿದ್ರೆ ನಗ್ತಿದ್ದೆ. ವಿಳಾಸ ಅಳಿಸಿಹೋಗಿದೆ ಅಂದುಬಿಟ್ಟ.” ಅತ್ತೆ ಕನ್ನಡಕದ ದಾರ ಬಿಗಿದರು. “ಯಾವುದೋ ಮೇಜಿನ ಮೇಲೆ ಒಂದು ಪಾರ್ಸೆಲ್ಲು ಕುರುಡಾಗಿ ಬಿದ್ದಿದೆ, ಅಲ್ಲಿ ನನ್ನಂಥೋಳು ಒಬ್ಳು ತಲೆ ಕೆಡಿಸ್ಕೊಂಡು ಕೂತಿದ್ದಾಳೆ ಅನ್ನಿಸ್ತು. ಕಾರ್ಡ್ ನಂಬರ್ ತುಂಬಿದೆ. ಒಟಿಪಿ ಕೇಳ್ದ, ಅದನ್ನೂ ತುಂಬಿದೆ. ಕಣ್ಣುಮುಚ್ಚಿ ಬಿಡೋದ್ರೊಳಗೆ ಖಾತೆ ಖಾಲಿ. ಆಮೇಲಿನ ಪೆನ್ಷನ್ನೆಲ್ಲ ಆ ಹಳ್ಳ ತುಂಬೋಕೇ ಹೋಗ್ತಿದೆ. ಕನ್ನಡಕಕ್ಕೆ ಅಂತ ಇಟ್ಟಿದ್ದೂ ಅದರಲ್ಲೇ ಇತ್ತು.”

ಕನ್ನಡಕ! ಎರಡು ವರ್ಷ ಎಷ್ಟು ಜನರ ಮುಂದೆ ನಾನು ಈ ಕನ್ನಡಕ ತೋರಿಸಿ ನಗಿಸಿದ್ದೆ!

“ನಮಗ್ಯಾಕೆ ಹೇಳ್ಲಿಲ್ಲ ಅತ್ತೆ?” ಎಂದೆ. ಅಳು ಬರುತ್ತಿತ್ತು, ಅದಕ್ಕೇ ಗದರಿಸಿದ ಹಾಗೆ ಕೇಳಿದೆ. “ಆಗ್ಲೇ ಬ್ಯಾಂಕಿಗೆ ಫೋನ್ ಮಾಡಿದ್ರೆ ತಡೀಬಹುದಿತ್ತೇನೋ!”

“ಗೊತ್ತು. ಆಮೇಲೆ ಬ್ಯಾಂಕಿನ ಹುಡುಗಿನೂ ಅದನ್ನೇ ಹೇಳಿದ್ಲು, ಕೂಡ್ಲೇ ಬಂದಿದ್ರೆ ನೋಡ್ಬಹುದಿತ್ತು ಅಂತ. ಹೇಳೋಕೆ ಅಂತಲೇ ಫೋನ್ ಹಿಡ್ಕೊಂಡು ಕೆಳಗೆ ಬಂದೆ ಕಣೇ.” ಅತ್ತೆ ನನ್ನನ್ನು ನೋಡಲಿಲ್ಲ. “ನೀನು ಸ್ಟೂಲ್ ಮೇಲೆ ನಿಂತು ಆ ನೋಟೀಸ್ ಅಂಟಿಸ್ತಿದ್ದೆ. ‘ಅತ್ತೆ, ನೆಟ್ಟಗಿದೆಯಾ ನೋಡಿ’ ಅಂದೆ. ನಾನು ಕೆಳಗಿಂದ ಓದಿದೆ. ಕೊನೇ ಸಾಲೇ ಮೊದಲು ಕಣ್ಣಿಗೆ ಬಿತ್ತು. ನೆಟ್ಟಗಿದೆ ಅಂದು ಮೇಲೆ ಹೋದೆ.”

ನನಗೆ ಆ ದಿನ ನೆನಪಿತ್ತು. ಸ್ಟೂಲಿನ ಕೆಳಗೆ ಫೋನ್ ಹಿಡಿದು ನಿಂತ ಅತ್ತೆ, ನೆಟ್ಟಗಿದೆ ಎಂದ ಅವರ ದನಿ, ಎಲ್ಲ ನೆನಪಿತ್ತು. ಅವರ ಕೈಯಲ್ಲಿದ್ದ ಫೋನಿನಿಂದ ಆಗಷ್ಟೇ ಹಣ ಹರಿದುಹೋಗಿತ್ತು. ನಾನು ಮೇಲೆ ನಿಂತು ಅಂಟು ಒತ್ತುತ್ತಿದ್ದೆ.

ಆದರೆ ಆಮೇಲೆ ಅತ್ತೆ ಮಾಡಿದ್ದನ್ನು ಕೇಳಿ. ಅವರು ಮೂಲೆಗೆ ಹೋಗಿ ಟೇಪಿನ ಪೆಟ್ಟಿಗೆಯಿಂದ ಒಂದು ದಪ್ಪ ನೋಟುಪುಸ್ತಕ ತಂದರು. ಅವತ್ತಿನಿಂದ ಫೋನಿಗೆ, ಕಂಪ್ಯೂಟರಿಗೆ ಬಂದ ಒಂದೊಂದು ವಿಳಾಸವನ್ನೂ ಅವರು ಅದರಲ್ಲಿ ಬರೆದಿದ್ದರು. ಪುಟಗಳಿಗೆ ಗೆರೆ ಎಳೆದು ಗೂಡುಗಳನ್ನು ಮಾಡಿದ್ದರು. ಈ ಗೂಡು ನಿಜದ್ದು, ಈ ಗೂಡು ಸುಳ್ಳು, ಈ ಗೂಡು ಇನ್ನೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬ್ಯಾಂಕಿನ ಹುಡುಗಿಯ ಬಳಿ ತೋರಿಸಿ ಕೇಳಿ ಬರುತ್ತಿದ್ದರಂತೆ. ಸುರುಳಿಯ ಆಚೆ ಏನು, ಈಚೆ ಏನು, ಚುಕ್ಕೆಯ ಹಿಂದೆ ಮುಂದೆ ಏನು, ಯಾವ ಪತ್ರ ಗಡುವು ಹಾಕಿ ಅವಸರಪಡಿಸುತ್ತದೆ, ಯಾವುದು ಹೆದರಿಸುತ್ತದೆ, ಯಾವುದು ಅಯ್ಯೋ ಪಾಪ ಎನ್ನಿಸುತ್ತದೆ, ಎಲ್ಲ ಅದೇ ದುಂಡಕ್ಷರದಲ್ಲಿ. ನಾಲ್ಕುನೂರಕ್ಕೂ ಹೆಚ್ಚು ವಿಳಾಸ! ಆ ಬಿರುಕು ಗಾಜಿನಲ್ಲಿ ನೋಡಿ ಬರೆದದ್ದು. ಅರವತ್ತೆಂಟನೆಯ ವಯಸ್ಸಿನಲ್ಲಿ, ಯಾರಿಗೂ ಹೇಳದೆ, ತನ್ನ ಕುರುಡು ಕಾಗದಗಳ ಮೇಜನ್ನು ಆಕೆ ಮತ್ತೆ ಹಾಕಿಕೊಂಡು ಕೂತಿದ್ದರು.

ನಾನು ಪುಟ ತಿರುವುತ್ತಾ ಹೋದೆ. ಜೀವಮಾನದಲ್ಲಿ ಇಂಥ ಪುಸ್ತಕ ನೋಡಿಲ್ಲ. ನನಗೇನಾದರೂ ಹೀಗಾಗಿದ್ದರೆ ಮೂರು ದಿನ ಕೂಗಾಡಿ, ಲೋಕವನ್ನೆಲ್ಲ ಬೈದು ಸುಮ್ಮನಾಗುತ್ತಿದ್ದೆ. ಈಕೆ ಬಿದ್ದ ಜಾಗದಲ್ಲೇ ಕೂತು ಅಲ್ಲಿನ ಒಂದೊಂದು ಕಲ್ಲನ್ನೂ ಮುಟ್ಟಿ ನೋಡಿದ್ದರು. ಅದರ ಫಲ ಇವತ್ತು ಏಣಿಯಣ್ಣನಿಗೆ ಸಿಕ್ಕಿತು.

ಎದ್ದು ಹೋಗಿ ನೋಟೀಸನ್ನು ಕಿತ್ತೆ. ಗೋಡೆಯ ಬಣ್ಣದ ಸಮೇತ ಬಂತು. ನಾಲ್ಕು ಚೂರು ಮಾಡಿದೆ. “ದಡ್ಡಿ ನಾನು ಅತ್ತೆ” ಎಂದೆ.

“ಬಿಡೇ, ನೀನೂ ಒಳ್ಳೇದಕ್ಕೇ ಬರೆದಿದ್ದೆ. ಕೊನೇ ಸಾಲು ಒಂದು ಬೇಡಿತ್ತು ಅಷ್ಟೆ” ಎಂದರು.

ಆಗ ನನ್ನ ಗಂಡ ಗಂಟಲು ಸರಿಮಾಡಿಕೊಂಡರು. “ಅದು… ನಂದೂ ಒಂದಿದೆ. ಹೋದ ವರ್ಷ ಅರ್ಧ ಬೆಲೆಗೆ ಶೂ ಅಂತ ದುಡ್ಡು ಕಳ್ಸಿದ್ದೆ. ಬರ್ಲೇ ಇಲ್ಲ.”

“ಮತ್ತೆ ನನ್ನ ಹತ್ರ ಅಂಗಡಿಯಲ್ಲಿ ಸೈಜ್ ಸಿಗ್ಲಿಲ್ಲ ಅಂದಿರಲ್ರೀ!”

“ನೋಟೀಸಿತ್ತಲ್ವೇ” ಎಂದರು ಆ ಸಾಧು ಪ್ರಾಣಿ. ಏಣಿಯಣ್ಣ ಮೊದಲು ನಕ್ಕರು. ಆಮೇಲೆ ಎಲ್ಲರೂ. ನಾನು ನಗುತ್ತ ಅಳುತ್ತ ಮೂಗು ಒರೆಸಿಕೊಂಡೆ. ನನ್ನ ಮನೆಯಲ್ಲಿ ನನಗೊಬ್ಬಳಿಗೇ ಹೆದರಿ ಇಬ್ಬರು ಬಾಯಿ ಮುಚ್ಚಿಕೊಂಡಿದ್ದರು.

ಮರುದಿನವೇ ಅತ್ತೆಯನ್ನು ಕನ್ನಡಕದ ಅಂಗಡಿಗೆ ಎಳೆದುಕೊಂಡು ಹೋದೆ. ಅಲ್ಲಿಯವನು ಅಕ್ಷರಗಳ ಹಲಗೆ ತೋರಿಸಿ ಓದಿ ಎಂದ. ಅತ್ತೆ ಎಲ್ಲಕ್ಕಿಂತ ಕೆಳಗಿನ ಇರುವೆಯಂಥ ಸಾಲಿನಿಂದ ಶುರು ಮಾಡಿದರು. “ಅಮ್ಮ, ಮೇಲಿಂದ ಓದ್ಬೇಕು” ಎಂದನಾತ. “ಸುಮ್ನಿರಪ್ಪ, ಅವರು ಓದೋದೇ ಹಾಗೆ” ಎಂದು ನಾನು ಅವನನ್ನೇ ಗದರಿದೆ.

ಹನ್ನೊಂದನೆಯ ದಿನ ಮಂಡಿ ಬಂತು. ಏಣಿಯಣ್ಣ ಬೆಳಿಗ್ಗೆಯಿಂದಲೇ ಬಂದು ಕೂತಿದ್ದರು. ನಾನು ಡಬ್ಬಕ್ಕೆ ಚಾಕು ಹಾಕಲು ಹೋದೆ. ಅತ್ತೆ ತಡೆದರು. ಹೊಸ ಕನ್ನಡಕ ಏರಿಸಿ ಚೀಟಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಊರು. ಬೀದಿ. ಮನೆ ನಂಬರು. ಅಲ್ಲಿಗೆ ಬೆರಳು ನಿಲ್ಲಬೇಕಿತ್ತು, ಯಾವಾಗಲೂ ಅಲ್ಲೇ ನಿಲ್ಲುತ್ತಿತ್ತು. ಅವತ್ತು ಇನ್ನೊಂದು ಸಾಲು ಮೇಲೆ ಹೋಯಿತು. ಅಲ್ಲಿದ್ದ ನನ್ನ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಗಟ್ಟಿಯಾಗಿ ಓದಿದರು.

“ಹೂಂ, ನಮ್ಮನೇದೇ” ಎಂದರು. “ಈಗ ಬಿಚ್ಚು.”

ಸಂಜೆಯ ಹೊತ್ತಿಗೆ ಏಣಿಯಣ್ಣ ಮರದ ಮೂರು ಮೆಟ್ಟಿಲು ಹತ್ತಿ, ಕಂಬಿಯಿಂದ ಕೈಬಿಟ್ಟು ನಿಂತರು. ನಿಂತವರೇ ಎದುರಿನ ಗೋಡೆ ನೋಡಿದರು. ನೋಟೀಸು ಕಿತ್ತ ಜಾಗದಲ್ಲಿ ಬಣ್ಣ ಎದ್ದುಹೋಗಿತ್ತು. “ಅಮ್ಮಾ, ಒಂದು ಬ್ರಷ್ ಇದ್ರೆ ಕೊಡಿ” ಎಂದು ಅತ್ತೆಯನ್ನು ಕೇಳಿದರು. ಅತ್ತೆ ಬ್ರಷ್ ಹುಡುಕಲು ಹೊರಟರು. ನಾನು ಅವರಿಗಿಂತ ಮೊದಲೇ ಓಡಿದೆ.